ಕಲ್ಲು ನೆಕ್ಕುವ ಹಲ್ಲಜ್ಜ

“ಅಮ್ಮಾ, ಹಲ್ಲಜ್ಜ ಯಾಕೆ ಕಲ್ಲು ನೆಕ್ತಾರೆ? ಅಜ್ಜಿ ಅವರಿಗೆ ತಿಂಡಿ ಕೊಡಲ್ವಾ?”

ಮಗಳು ಇದನ್ನು ಕೇಳಿದ್ದು ಮೆಟ್ಟಿಲ ಮೇಲೆ ನಿಂತು, ಕೆಳಗಿನ ಮನೆಯ ಬಾಗಿಲು ಪೂರ್ತಿ ತೆರೆದಿರುವಾಗ, ತನ್ನಲ್ಲಿರುವಷ್ಟೂ ದನಿ ಸೇರಿಸಿ. ಏಳು ವರ್ಷಕ್ಕೆ ಪಿಸುಮಾತು ಬರುವುದಿಲ್ಲ. ಅವಳ ಬಾಯಿ ಮುಚ್ಚಿ ಮೇಲಕ್ಕೆ ಎಳೆದುಕೊಂಡು ಬಂದೆ. ಮರ್ಯಾದೆಗೆ ಹೆದರಿ ಅಲ್ಲ, ನನಗೇ ನಗು ತಡೆಯಲಾಗದೆ. ಆಮೇಲೆ ಯೋಚಿಸಿದರೆ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸಿತು. ಎಪ್ಪತ್ತೆರಡು ವರ್ಷದ ಮನುಷ್ಯ ಬೀದಿಗೆ ಕಾಣುವ ಹಾಗೆ ಕೂತು, ಯಾರ್ಯಾರದೋ ಜೇಬಿನಿಂದ ಬಂದ ಕಲ್ಲುಗಳನ್ನು ಒಂದೊಂದಾಗಿ ನಾಲಿಗೆಗೆ ತಾಗಿಸುತ್ತಾನೆ. ಮಗು ಕೇಳದೆ ಇನ್ನೇನು ಮಾಡೀತು?

ಹಲ್ಲಜ್ಜ ಎಂದು ಹೆಸರಿಟ್ಟವರು ಬೀದಿಯ ಮಕ್ಕಳು. ನಲವತ್ತು ವರ್ಷ ಊರಿನ ದಂತವೈದ್ಯರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟ ಕೈ ಅದು. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಈತ ಅದಕ್ಕೆ ಪ್ಲಾಸ್ಟರ್ ಎರೆದು ದವಡೆ ಮಾಡಿ, ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಕಟ್ಟಿ ವಾಪಸ್ ಕಳಿಸುತ್ತಿದ್ದ. ಊರಿನ ಅರ್ಧದಷ್ಟು ಮುದುಕರು ನಗುವುದು ಈತನ ಹಲ್ಲಿನಲ್ಲಿ. ಈತ ಮಾತ್ರ ನಗುವುದನ್ನು ನಾನು ನೋಡಿರಲಿಲ್ಲ.

ನಾವು ಮೇಲಿನ ಮನೆಗೆ ಬಂದು ನಾಲ್ಕು ವರ್ಷ. ಬಂದ ಹೊಸದರಲ್ಲಿ ಆತನನ್ನು “ಮಾವ” ಎಂದುಬಿಟ್ಟೆ, ಆತನ ಹೆಂಡತಿಯನ್ನು “ಅತ್ತೆ” ಎಂದೆ. ಅತ್ತೆಯ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಮಾವ ಎಂದದ್ದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಗೊತ್ತಿದ್ದರೆ ಮೊದಲ ವಾರವೇ ತೆಗೆದುಕೊಳ್ಳುತ್ತಿದ್ದೆ.

ಕೆಲಸ ಬಿಟ್ಟು ಐದು ವರ್ಷವಾದರೂ ಆತನ ಮುಂದಿನ ಕೋಣೆ ಕಾರ್ಖಾನೆಯ ಹಾಗೇ ಇದೆ. ಉದ್ದನೆಯ ಮೇಜು, ಕತ್ತು ಬಗ್ಗಿಸಿದ ದೀಪ, ಮೇಣ ಕಾಯಿಸುವ ಪುಟ್ಟ ಒಲೆ, ಊಟದ ಡಬ್ಬಿಯಷ್ಟು ದೊಡ್ಡದೊಂದು ನಡುಗುವ ಯಂತ್ರ. ಪ್ಲಾಸ್ಟರ್ ಎರೆದ ತಕ್ಷಣ ಅಚ್ಚನ್ನು ಆ ಯಂತ್ರದ ಮೇಲೆ ಇಟ್ಟರೆ ಒಳಗಿನ ಗಾಳಿಗುಳ್ಳೆಗಳೆಲ್ಲ ಮೇಲೆ ಬಂದು ಒಡೆದುಹೋಗುತ್ತವಂತೆ. “ನನ್ನ ಎರಕದಲ್ಲಿ ಗುಳ್ಳೆ ಇರಲ್ಲ. ಇದ್ರೆ ಅದು ಈ ಮನೆಯಿಂದ ಆಚೆ ಹೋಗಲ್ಲ” ಎಂದು ನಾಲ್ಕು ವರ್ಷದಲ್ಲಿ ನಲವತ್ತು ಸಲವಾದರೂ ಕೇಳಿದ್ದೇನೆ. ಕಪಾಟಿನಲ್ಲಿ ಹಿಂದೆ ದವಡೆಗಳು ಸಾಲಾಗಿ ಕೂರುತ್ತಿದ್ದ ಜಾಗದಲ್ಲಿ ಈಗ ಕಲ್ಲುಗಳಿವೆ. ಕಡಲ ದಂಡೆಯಲ್ಲಿ ಆತ ನಲವತ್ತು ವರ್ಷ ಹೆಕ್ಕಿದ ಪಳೆಯುಳಿಕೆಗಳು. ಕಲ್ಲಾಗಿಹೋದ ಚಿಪ್ಪು, ಸುರುಳಿ ಶಂಖ, ಮೀನಿನ ಬೆನ್ನೆಲುಬಿನ ಬಿಲ್ಲೆ, ಮೈಮೇಲೆ ಐದೆಸಳಿನ ಗುರುತಿರುವ ದುಂಡನೆಯವು. ಕಾದ ಮೇಣದ ವಾಸನೆ ನಮ್ಮ ಅಡುಗೆಮನೆಗೆ ಬರುತ್ತದೆ. ಒಗೆದ ಬಟ್ಟೆಗೂ ಅದೇ ವಾಸನೆ. ನಾನು ಬಟ್ಟೆ ಹರವುವ ರೀತಿ ತಪ್ಪು ಎಂದೂ ಆತ ಕೆಳಗಿನಿಂದ ಕೂಗಿ ಹೇಳಿದ್ದುಂಟು.

ಭಾನುವಾರ ಬೆಳಿಗ್ಗೆ ನೀರು ಇಳಿದಾಗ ಜನ ದಂಡೆಗೆ ಹೋಗುತ್ತಾರೆ, ಒದ್ದೆ ಜೇಬಿನಲ್ಲಿ ಏನಾದರೂ ಹಾಕಿಕೊಂಡು ಬರುತ್ತಾರೆ. ಮುಂಬಾಗಿಲ ಮೆಟ್ಟಿಲ ಮೇಲೆ ಮೊಣಕಾಲಿಗೆ ಟವೆಲ್ ಹಾಸಿಕೊಂಡು ಈತ ಕೂತಿರುತ್ತಾನೆ. ಪಕ್ಕದಲ್ಲೊಂದು ಬಕೆಟ್ಟು. ಅದರ ಮೇಲೆ ದಪ್ಪ ಅಕ್ಷರದಲ್ಲಿ “ಕಲ್ಲು” ಎಂದು ಬರೆದಿದೆ. ಈತನ ಪ್ರಕಾರ ಊರಿನವರು ಜೀವಮಾನದಲ್ಲಿ ತಂದದ್ದೆಲ್ಲ ಆ ಬಕೆಟ್ಟಿಗೇ ಸೇರಬೇಕಾದದ್ದು.

“ಇದು ಹೆಂಚಿನ ಚೂರು. ನಿಮ್ಮ ಮನೆ ಮಾಡು ಸೋರ್ತಾ ಇದ್ರೆ ಇಟ್ಕೊಳ್ಳಿ.”

“ಬಾಟ್ಲಿ ಗಾಜು. ಇಬ್ರೂ ಸೇರಿ ಹುಡುಕಿದ್ದಾ? ಒಬ್ರೇ ಸಾಕಿತ್ತು.”

ಇದನ್ನು ಹೇಳಿಸಿಕೊಂಡದ್ದು ಮದುವೆಯಾಗಿ ಎರಡು ವಾರವೂ ಆಗಿರದ ಜೋಡಿ. ಆ ಹುಡುಗಿಯ ಮುಖ ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. ಆದರೂ ಮುಂದಿನ ವಾರ ಇನ್ನಷ್ಟು ಜನ ಬರುತ್ತಾರೆ. ಪುಕ್ಕಟೆ ಸಿಗುವ ಅವಮಾನಕ್ಕೂ ಸರತಿಯಲ್ಲಿ ನಿಲ್ಲುವವರು ಇದ್ದಾರೆ ಎಂದು ಅಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ವಿದ್ಯೆ ಮಾತ್ರ ನಿಜವಾದದ್ದು, ಅದನ್ನು ಅಲ್ಲಗಳೆಯಲಾರೆ. ಆತನ ಕ್ರಮ ಒಂದು ದಿನವೂ ತಪ್ಪುವುದಿಲ್ಲ. ಮೊದಲು ಅಂಗೈಯಲ್ಲಿ ಇಟ್ಟು ತೂಗುತ್ತಾನೆ, ಯಾಕೆಂದರೆ ಕಲ್ಲಾದ ಎಲುಬು ಕಂಡದ್ದಕ್ಕಿಂತ ಭಾರ. ಆಮೇಲೆ ತಿರುಗಿಸಿ ನೋಡುತ್ತಾನೆ. ಬರೀ ಕಲ್ಲಿಗೆ ಎಡ ಬಲ ಇಲ್ಲ, ಪ್ರಾಣಿಯಾಗಿದ್ದುದಕ್ಕೆ ಯಾವುದಾದರೂ ಒಂದು ಲೆಕ್ಕಾಚಾರ ಇದ್ದೇ ಇರುತ್ತದೆ. ಮೂರನೆಯದು ಉಗುರು, ಗೀರಿ ಗಟ್ಟಿ ನೋಡಲು. ನಾಲ್ಕನೆಯದು ನಾಲಿಗೆ. ಹಳೆಯ ಎಲುಬಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಅವು ಒದ್ದೆಯನ್ನು ಹೀರಿ ನಾಲಿಗೆಯನ್ನು ಹಿಡಿದುಕೊಳ್ಳುತ್ತವೆ. ಬರೀ ಕಲ್ಲು ಜಾರುತ್ತದೆ. ಮಗಳ ಪ್ರಶ್ನೆಗೆ ಇದೇ ಉತ್ತರ. ನಿಜವೋ ಸುಳ್ಳೋ ನೋಡೋಣ ಎಂದು ಆತ ಅತ್ತೆಗೆ ಕೊಟ್ಟಿದ್ದ ಒಂದು ಎಲುಬಿನ ಚೂರನ್ನು ನಾನೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೆಕ್ಕಿದ್ದೇನೆ. ಹಿಡಿದುಕೊಂಡಿತು. ಮಗಳು ನೋಡಲಿಲ್ಲ, ಪುಣ್ಯ.

ಇಷ್ಟು ತಿಳಿದವನು ತಿಳಿದದ್ದನ್ನು ನಾಲ್ಕು ಜನಕ್ಕೆ ಹೇಳಿಕೊಟ್ಟಿದ್ದರೆ ಯಾರಾದರೂ ಕೈ ಮುಗಿಯುತ್ತಿದ್ದರು. ಈತ ಹೇಳಿಕೊಡುವುದಿಲ್ಲ, ತೀರ್ಪು ಕೊಡುತ್ತಾನೆ. ಹೆಂಡತಿಯನ್ನು ಕರೆಯಬೇಕಾದರೆ ಬಾಯಿ ತೆರೆಯುವುದಿಲ್ಲ, ಚಿಮಟದಿಂದ ಮೇಜು ಕುಟ್ಟುತ್ತಾನೆ. ಒಂದು ಸಲ ಕುಟ್ಟಿದರೆ ಚಹಾ, ಎರಡು ಸಲ ಕುಟ್ಟಿದರೆ ಕನ್ನಡಕ. ನಲವತ್ತು ವರ್ಷ ಈತ ಮಾಡಿದ ಸೆಟ್ಟುಗಳಿಗೆಲ್ಲ ಹೊಳಪು ಕೊಟ್ಟದ್ದು ಅತ್ತೆ. ಅದನ್ನು ಯಾರ ಮುಂದೆಯೂ ಹೇಳಿದ್ದು ನಾನು ಕೇಳಿಲ್ಲ.

ಇಷ್ಟು ಕಹಿ ಎಲ್ಲಿಂದ ಬಂತು ಎಂದು ಅತ್ತೆಯನ್ನೇ ಕೇಳಿದೆ. ಅವರು ಗೋಡೆ ತೋರಿಸಿದರು. ಅಲ್ಲಿ ಚೌಕಟ್ಟು ಹಾಕಿದ ಒಂದು ಪೆನ್ಸಿಲ್ ಚಿತ್ರವಿದೆ. ಅಂಗೈಯಗಲದ ಹಲ್ಲು, ತ್ರಿಕೋನಾಕಾರ, ಎಡಗಡೆಯ ಮೂಲೆ ಚೂರು ಮುರಿದಿದೆ. ದೈತ್ಯ ಶಾರ್ಕಿನದು, ಮನುಷ್ಯ ಹುಟ್ಟುವ ಮೊದಲೇ ಇಲ್ಲವಾದ ಜಾತಿಯದು. ಇಪ್ಪತ್ತೆರಡು ವರ್ಷದ ಹಿಂದೆ ಈತನಿಗೆ ಸಿಕ್ಕಿತ್ತು. ಆಗಿನ ಮ್ಯೂಸಿಯಂ ಅಧಿಕಾರಿ ಮನೆಗೇ ಬಂದು, ಹೊಗಳಿ, ಗಾಜಿನ ಪೆಟ್ಟಿಗೆಯಲ್ಲಿ ಹೆಸರು ಹಾಕಿ ಇಡುತ್ತೇವೆ ಎಂದು ತೆಗೆದುಕೊಂಡು ಹೋದರಂತೆ. ರಸೀದಿ ಕೊಡಲಿಲ್ಲ, ಈತ ಕೇಳಲಿಲ್ಲ. ಮ್ಯೂಸಿಯಂ ಹೊಸ ಕಟ್ಟಡಕ್ಕೆ ಹೋಯಿತು. ಹಲ್ಲು ಹೋಗಲಿಲ್ಲ. ಎಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ. ಅಂಥದ್ದೊಂದು ಇತ್ತು ಎಂಬುದಕ್ಕೆ ಕಾಗದವೇ ಇಲ್ಲ ಎಂದರಂತೆ. ಅಂದಿನಿಂದ ಈತ ಹುಡುಕುತ್ತಿರುವುದು ಅಂಥ ಇನ್ನೊಂದನ್ನು, ಕಾಯುತ್ತಿರುವುದು ಹೆಸರಿರುವ ಒಂದು ಚೀಟಿಯನ್ನು.

ಪಾಪ ಅನ್ನಿಸಬೇಕಿತ್ತು. ಆದರೆ ಮ್ಯೂಸಿಯಂ ಮಾಡಿದ ತಪ್ಪಿಗೆ ಊರಿನ ಮಕ್ಕಳಿಗೆಲ್ಲ ಶಿಕ್ಷೆ ಕೊಡುತ್ತಾ ಕೂತವನ ಮೇಲೆ ಕನಿಕರ ಹುಟ್ಟಿಸಿಕೊಳ್ಳುವಷ್ಟು ಬಿಡುವು ನನಗಿಲ್ಲ. ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿ ದಿನವಿಡೀ ಪ್ರಮಾಣಪತ್ರ ಬರೆದು, ಬಂದು ಅಡುಗೆ ಮಾಡಿ, ಮಗಳ ತಲೆ ಬಾಚಿ ಮಲಗಿಸಬೇಕು.

ಈ ವರ್ಷದ ಬಿರುಗಾಳಿಗೆ ಕಡಲ ತಡೆಗೋಡೆಯ ಒಂದು ತುಂಡು ಕುಸಿಯಿತು. ಗೋಡೆ ಕಟ್ಟಿದಾಗ ಹಿಂದೆ ತುಂಬಲು ಊರವರ ಮನೆಯ ಒಡಕು ಬಡಕನ್ನೆಲ್ಲ ತಂದು ಸುರಿಸಿದ್ದರಂತೆ. ಇಟ್ಟಿಗೆ, ಹೆಂಚು, ಅರ್ಧ ಬಚ್ಚಲ ಬೇಸಿನ್ನು, ಎಲ್ಲ ಮರಳಿಗೆ ಬಂದು ಬಿದ್ದವು. ಮೂರು ತಿಂಗಳು ಅಲೆ ಅವನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿತು. ಹಲ್ಲಜ್ಜನ ಬಕೆಟ್ಟು ವಾರಕ್ಕೆ ಎರಡು ಸಲ ತುಂಬತೊಡಗಿತು.

ಅಂಥ ಒಂದು ಭಾನುವಾರ ನನ್ನ ಮಗಳು ಕಾಲುಚೀಲ ಬಿಚ್ಚಿ, ಅದರೊಳಗೆ ಏನನ್ನೋ ಹಾಕಿಕೊಂಡು ಸರತಿಯಲ್ಲಿ ನಿಂತಳು. ನಾನು ಹಿಂದೆ ನಿಂತಿದ್ದೆ, ಆತ ಏನಾದರೂ ಅಂದರೆ ಎರಡು ಮಾತು ವಾಪಸ್ ಕೊಡಲು ತಯಾರಾಗಿ. ಹೋದ ಸಲ ಅವಳು ತಂದ ಬಿಳಿ ಕಲ್ಲನ್ನು ನೋಡಿ “ಇದು ಸೋಪು” ಎಂದಿದ್ದ. ಅದು ಸೋಪೇ ಆಗಿತ್ತು, ಆದರೂ ಹೇಳುವ ರೀತಿ ಎಂಬುದೊಂದು ಇದೆಯಲ್ಲ.

ಕಾಲುಚೀಲದಿಂದ ಬಂದದ್ದನ್ನು ಕಂಡು ಆತ ಟವೆಲಿಗೆ ಕೈ ಒರೆಸಿಕೊಂಡ. ಅಂಗೈಯಗಲ, ತ್ರಿಕೋನ, ಹಳದಿ ತಿರುಗಿದ ಕಂದು ಬಣ್ಣ, ಎಡಮೂಲೆ ಮುರಿದದ್ದು. ನೇರವಾಗಿ ಬೇರಿನ ಕಡೆಯನ್ನು ನಾಲಿಗೆಗೆ ಇಟ್ಟ. ತೆಗೆಯುವಾಗ ನಾಲಿಗೆ ಸ್ವಲ್ಪ ದೂರ ಅದರ ಜೊತೆಗೇ ಬಂತು. ಸರತಿಯಲ್ಲಿದ್ದವರೆಲ್ಲ ಕತ್ತು ಚಾಚಿದರು.

“ಎಲ್ಲಿ ಸಿಕ್ತು ಮರಿ?”

ಮರಿ. ಅದುವರೆಗೂ ಅವಳು “ಏಯ್” ಆಗಿದ್ದಳು.

“ಬಿದ್ದ ಗೋಡೆ ಹತ್ರ. ಅಜ್ಜಾ, ಅದರಲ್ಲಿ ಬ್ರೆಡ್ಡಲ್ಲಿ ಇರೋ ಥರ ತೂತಿದೆ ನೋಡಿ, ಇಲ್ಲಿ ಎರಡು, ಇಲ್ಲಿ ಒಂದು.”

“ಅದು ಹುಳ ಕೊರೆದಿರೋದು. ಕಡಲಲ್ಲಿ ಅಂಥ ಹುಳ ಇರ್ತವೆ.”

“ಹುಳ ಇಷ್ಟು ದುಂಡಗೆ ಕೊರೆಯುತ್ತಾ? ಕಂಪಾಸು ಇಟ್ಕೊಂಡಿರುತ್ತಾ?”

ಯಾರೋ ನಕ್ಕರು. ಹಲ್ಲಜ್ಜ ತಲೆ ಎತ್ತಿ ನನ್ನನ್ನು ನೋಡಿದ. “ಏನಮ್ಮಾ ಮೇಲಿನ ಮನೆ, ನಿನ್ನ ಮಗಳಿಗೆ ಬಾಯಿ ಯಾರು ಕಲ್ಸಿದ್ದು?”

“ಇಲ್ಲೇ ಕೆಳಗಡೆ ಕೇಳ್ಕೊಂಡು ಕಲಿತಿದ್ದಾಳೆ ಮಾವ” ಎಂದೆ.

ಆತನಿಗೆ ಅದು ಕಿವಿಗೇ ಬೀಳಲಿಲ್ಲ. ಎದ್ದು ಒಳಗೆ ಹೋಗಿ ಗೋಡೆಯ ಚಿತ್ರದ ಪಕ್ಕ ಅದನ್ನು ಹಿಡಿದ. ಅಳತೆ ಅದೇ, ಮುರಿದ ಮೂಲೆಯೂ ಅದೇ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದರು. ಈತ ಹಲ್ಲಿನ ಮನುಷ್ಯ, ಎಲ್ಲವನ್ನೂ ದವಡೆಯಲ್ಲಿಟ್ಟೇ ಯೋಚಿಸುವವನು. ಶಾರ್ಕಿನ ಬಾಯಲ್ಲಿ ಹಲ್ಲು ಸಾಲು ಸಾಲಾಗಿ ಇರುತ್ತವಂತೆ, ಮುಂದಿನದು ಬಿದ್ದರೆ ಹಿಂದಿನದು ಅದೇ ಜಾಗಕ್ಕೆ ಬರುತ್ತದಂತೆ. “ಅದೇ ಪ್ರಾಣಿ, ಅದೇ ಜಾಗ, ಹಿಂದಿನ ಸಾಲು” ಎಂದು ಬಾಗಿಲಲ್ಲಿ ನಿಂತು ಘೋಷಿಸಿದ. “ಒಂದೇ ಬಾಯಿಯ ಎರಡು ಹಲ್ಲು ಒಬ್ಬನಿಗೇ ಸಿಗೋದು ಅಂದ್ರೆ ಏನು ಅಂತ ಗೊತ್ತಾ ನಿಮಗೆ? ಗೊತ್ತಿರಲ್ಲ ಬಿಡಿ.”

ಒಬ್ಬನಿಗೇ ಸಿಕ್ಕಿತಂತೆ. ಸಿಕ್ಕವಳು ಒಂದು ಕಾಲಿಗೆ ಕಾಲುಚೀಲವಿಲ್ಲದೆ ಮೆಟ್ಟಿಲ ಕೆಳಗೆ ನಿಂತಿದ್ದಳು. ಇದು ಮಕ್ಕಳ ಕೈಯಲ್ಲಿ ಇರುವ ವಸ್ತುವಲ್ಲ ಎಂದು ಹೇಳಿ, ಬದಲಿಗೆ ಯಾರದೋ ಹಳೆಯ ಮೇಲ್ದವಡೆಯ ಪ್ಲಾಸ್ಟರ್ ಮಾದರಿಯೊಂದನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಮನೆಗೆ ತಂದು, ಗೊಂಬೆಯ ಪಕ್ಕ ಮಲಗಿಸಿ, ಆಮೇಲೆ ಗೋಡೆಗೆ ತಿರುಗಿ ಅತ್ತಳು. “ಅದು ನಂದಮ್ಮಾ” ಎಂದಳು, ಅಷ್ಟೆ.

ಮಾರನೆಯ ಸಂಜೆ ಆತ ನನ್ನನ್ನು ಕೆಳಗೆ ಕರೆಸಿದ. ಮ್ಯೂಸಿಯಂಗೆ ಈಗ ಹೊಸ ಮೇಡಂ ಬಂದಿದ್ದಾರೆ, ಮೂರು ವಾರದಲ್ಲಿ ಸಂಗ್ರಹ ನೋಡಲು ಬರುತ್ತಾರೆ, ಪ್ರತಿ ವಸ್ತುವಿಗೂ ಚೀಟಿ ಬೇಕು, ನನ್ನ ಅಕ್ಷರ ಚೆನ್ನಾಗಿದೆ. ಕೇಳಿದ್ದಲ್ಲ, ಅಪ್ಪಣೆ. ಎದ್ದು ಬರೋಣ ಎನ್ನುವಷ್ಟರಲ್ಲಿ ಅತ್ತೆ ಬಾಗಿಲ ಮರೆಯಿಂದ ನನ್ನತ್ತ ನೋಡಿದರು. ಕೂತೆ. ಮೂರು ಸಂಜೆ ಅರವತ್ತೆರಡು ಚೀಟಿ ಬರೆದೆ. ಕೊನೆಯದು ಆ ಹಲ್ಲಿನದು.

“ಬರಿ. ದೈತ್ಯ ಶಾರ್ಕಿನ ಮೇಲ್ದವಡೆಯ ಹಲ್ಲು, ಎರಡನೇ ಸಾಲು. ಕಂಡು, ಗುರುತಿಸಿ, ಕೊಟ್ಟವರು…” ಎಂದು ತನ್ನ ಹೆಸರನ್ನು ಬಿಡಿಬಿಡಿಯಾಗಿ ಹೇಳಿದ, ನಾಲ್ಕು ವರ್ಷದಿಂದ ನನಗೆ ಅದು ಗೊತ್ತೇ ಇಲ್ಲವೆನ್ನುವ ಹಾಗೆ.

“ಕಂಡದ್ದು ನನ್ನ ಮಗಳಲ್ವಾ ಮಾವ?”

“ಎತ್ಕೊಂಡು ಬಂದೋರ ಹೆಸರು ಯಾರೂ ಬರೆಯಲ್ಲಮ್ಮಾ. ಅಂಚೆಯವನು ತಂದ ಅಂತ ಕಾಗದ ಅವನದ್ದಾಗುತ್ತಾ?”

ಬರೆದೆ. ಆತ ಕನ್ನಡಕಕ್ಕೆಂದು ಎರಡು ಸಲ ಕುಟ್ಟಿ ಆಚೆ ತಿರುಗಿದಾಗ ಚೀಟಿಯ ಬೆನ್ನಿನಲ್ಲಿ ಪೆನ್ಸಿಲಿನಿಂದ ಮಗಳ ಹೆಸರು ಬರೆದಿಟ್ಟೆ. ಇದನ್ನು ನನ್ನ ಗಂಡನಿಗೆ ಹೇಳಿದರೆ ಅವರು, “ಬಸ್ಸಿನ ಸೀಟಿನ ಹಿಂದೆ ಹೆಸರು ಕೊರೆಯೋರ ಥರ ಆಯ್ತಲ್ಲೇ” ಎಂದರು. ಬಸ್ಸು ಓಡಿಸುವವರಿಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ.

ಆ ಮೂರು ವಾರ ಹಲ್ಲಜ್ಜ ಬೇರೆಯೇ ಮನುಷ್ಯನಾಗಿದ್ದ. ಚಿಮಟ ಕುಟ್ಟುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಕೆಳಗಿನಿಂದ ಎಂಥದ್ದೋ ಗೊರಗೊರ ಸದ್ದು ಬಂತು. ನೀರಿನ ಪೈಪು ಕೆಟ್ಟಿರಬೇಕೆಂದು ಇಣುಕಿದೆ. ಆತ ಊಟ ಮಾಡುತ್ತಾ ನಗುತ್ತಿದ್ದ. ಎದುರು ಕೂತಿದ್ದ ಅತ್ತೆ ಮಾತ್ರ ನಗುತ್ತಿರಲಿಲ್ಲ. ಅದನ್ನು ನಾನು ಅಂದೇ ಯೋಚಿಸಬೇಕಿತ್ತು.

ಮ್ಯೂಸಿಯಂ ಮೇಡಂ ಬಂದದ್ದು ಶನಿವಾರ. ಮೂವತ್ತು ದಾಟದ ಹೆಣ್ಣುಮಗಳು, ಗಟ್ಟಿ ಬೂಟು, ಕತ್ತಿನಲ್ಲಿ ದಾರಕ್ಕೆ ನೇತುಬಿಟ್ಟ ಪುಟ್ಟ ಭೂತಗನ್ನಡಿ. ಚೀಟಿಗಳಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಲು ನಾನೂ ಇರಬೇಕೆಂದು ಆಜ್ಞೆಯಾಗಿತ್ತು. ಮಗಳೂ ಬಂದಳು, ಬೇಡವೆಂದರೂ.

ಮೇಡಂ ಒಂದೊಂದೇ ವಸ್ತು ಎತ್ತಿ, ಕನ್ನಡಿಯಲ್ಲಿ ನೋಡಿ, ಚೀಟಿ ಓದಿ, ತಲೆಯಾಡಿಸುತ್ತಾ ಹೋದರು. ಐವತ್ತು ದಾಟುವಷ್ಟರಲ್ಲಿ ಅವರ ದನಿ ಬದಲಾಗಿತ್ತು. “ಇಷ್ಟು ಸರಿಯಾಗಿ ಗುರುತಿಸಿರೋದು ನಾನು ನೋಡೇ ಇಲ್ಲ ಸಾರ್. ಎಲ್ಲಿ ಓದಿದ್ರಿ?”

“ಓದೋದೇನು ಬಂತು. ಕಣ್ಣಿರಬೇಕು.”

ಕೊನೆಗೆ ಹತ್ತಿಯ ಮೇಲೆ ಮಲಗಿಸಿದ್ದ ಆ ಹಲ್ಲು ಬಂತು. ಮೇಡಂ ಬಹಳ ಹೊತ್ತು ನೋಡಿದರು. ತಿರುಗಿಸಿದರು. ಮತ್ತೆ ನೋಡಿದರು.

“ಇದರ ಮೇಲೆ ಸಣ್ಣ ತೂತುಗಳಿವೆ.”

“ಹುಳ ಕೊರೆದದ್ದು.”

“ಇರಬಹುದು. ನನಗೆ ಗ್ಯಾರಂಟಿ ಇಲ್ಲ. ಇದನ್ನ ಮೇಲಿನ ಕಚೇರಿಗೆ ಕಳಿಸ್ತೀನಿ. ಅವರು ಒಂದು ಎಳೆ ಕತ್ತರಿಸಿ ನೋಡ್ತಾರೆ. ಸರಿ ಇದ್ರೆ ಗಾಜಿನ ಪೆಟ್ಟಿಗೆಯಲ್ಲಿ ಮೊದಲನೇ ಜಾಗ, ನಿಮ್ಮ ಹೆಸರಿನ ಚೀಟಿ ಜೊತೆ. ಅಕಸ್ಮಾತ್ ಸರಿ ಇಲ್ಲದಿದ್ರೆ ವರದಿಯಲ್ಲಿ ಹಾಗೇ ಬರೀತಾರೆ. ಆಮೇಲೆ ಮಿಕ್ಕ ಅರವತ್ತೊಂದನ್ನೂ ಅನುಮಾನದಿಂದ್ಲೇ ನೋಡ್ತಾರೆ. ಯೋಚನೆ ಮಾಡಿ ಹೇಳಿ, ಕಳಿಸ್ಲಾ?”

“ಕಳಿಸಿ” ಎಂದ ಹಲ್ಲಜ್ಜ. ಯೋಚನೆಗೆ ಒಂದು ಉಸಿರಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ. “ನಲವತ್ತು ವರ್ಷ ಬಾಯಿಗಳನ್ನ ನೋಡಿದ್ದೀನಿ. ಇದು ಎರಡನೇ ಸಾಲಿನ ಹಲ್ಲು. ಮೊದಲನೇ ಸಾಲಿನದು ನಿಮ್ಮೋರೇ ಕಳೆದುಹಾಕಿದ್ದು. ಮೂಲೆ ಮುರಿದಿರೋದು ಕೂಡ ಒಂದೇ ಥರ, ನೋಡಿ ಚಿತ್ರ.”

ಮೇಡಂ ಹತ್ತಿಯ ಸಮೇತ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತಿದ್ದರು. ಆಗ ಒಳಬಾಗಿಲಿನಿಂದ ಅತ್ತೆ ಮಾತಾಡಿದರು. ಜೋರಾಗಿ ಅಲ್ಲ. ಚಹಾಗೆ ಸಕ್ಕರೆ ಹಾಕಲಾ ಎಂದು ಕೇಳುವಾಗಿನ ದನಿ.

“ಎರಡನೇ ಸಾಲಿನ ಹಲ್ಲು ಅಂದ್ರೆ ಇನ್ನೂ ಮೊಳೆತಿಲ್ಲ ಅಂತ ತಾನೇ? ಮೊಳೆಯದ ಹಲ್ಲು ಏನನ್ನ ಕಚ್ಚಿ ಮೂಲೆ ಮುರ್ಕೊಂಡಿತು ರೀ?”

ಆತ ಚಿಮಟ ಹುಡುಕಿದ, ಕುಟ್ಟಲಿಕ್ಕೋ ಏನೋ, ಕೈಗೆ ಸಿಗಲಿಲ್ಲ. ಅತ್ತೆ ಸೆರಗಿಗೆ ಕೈ ಒರೆಸುತ್ತಾ ಮುಂದೆ ಬಂದರು.

“ಚಹಾದ ನೀರು ಕುದಿಸಿಕೊಟ್ಟಿದ್ದು ನಾನು. ಬಣ್ಣ ಹಿಡಿಯಲಿ ಅಂತ ಒಂದಿಡೀ ದಿನ ನೆನೆಹಾಕಿದ್ರಿ. ಗುಳ್ಳೆ ಬಂದಿದ್ದನ್ನೆಲ್ಲ ಮೂಟೆ ಕಟ್ಟಿ ಗೋಡೆ ಕೆಲಸದೋರಿಗೆ ಕೊಟ್ಟಿದ್ದೂ ನಾನೇ.”

ಮೇಡಂಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನಗೂ ಅಷ್ಟೆ. ಮೊದಲ ಹಲ್ಲನ್ನು ಮ್ಯೂಸಿಯಂಗೆ ಕೊಡುವ ಮುನ್ನ ಆತ ಅದರ ಅಚ್ಚು ತೆಗೆದಿದ್ದ. ದಂತವೈದ್ಯರಿಗೆ ಒಂದೊಂದು ಪ್ರತಿ ಉಡುಗೊರೆ ಕೊಡಲೆಂದು ಗಟ್ಟಿ ಜಾತಿಯ ಪ್ಲಾಸ್ಟರಿನಲ್ಲಿ ಎರಕ ಹೊಯ್ದಿದ್ದ. ನಡುಗುವ ಯಂತ್ರ ಆ ವಾರ ಕೆಟ್ಟಿತ್ತು. ಗುಳ್ಳೆ ಬಂದವನ್ನು ಬಿಸಾಕಿದ. ಇಪ್ಪತ್ತೆರಡು ವರ್ಷ ಗೋಡೆಯ ಹಿಂದೆ ಕೂತಿದ್ದು, ಬಿರುಗಾಳಿಗೆ ಹೊರಬಂದು, ಅಲೆಗೆ ಸವೆದು, ಅವುಗಳಲ್ಲಿ ಒಂದು ನನ್ನ ಮಗಳ ಕಾಲುಚೀಲ ಸೇರಿತ್ತು. ಪ್ಲಾಸ್ಟರಿನಲ್ಲೂ ಸಣ್ಣ ತೂತುಗಳಿರುತ್ತವೆ, ಅದೂ ನಾಲಿಗೆ ಹಿಡಿಯುತ್ತದೆ. ಯಾವ ಗುಳ್ಳೆಗಾಗಿ ತಾನೇ ಎಸೆದಿದ್ದನೋ ಆ ಗುಳ್ಳೆಯನ್ನು ಏಳು ವರ್ಷದ ಹುಡುಗಿ ಬೆರಳಿಟ್ಟು ತೋರಿಸಿದ್ದಳು. ಆತ ಹುಳದ ಕಥೆ ಹೇಳಿದ್ದ.

ಹಲ್ಲಜ್ಜ ಡಬ್ಬಿಗೆ ಕೈ ಚಾಚಿದ. ಮೇಡಂ ಕೊಟ್ಟರು. ಆತ ಅದನ್ನು ಹತ್ತಿಯಿಂದ ಬಿಡಿಸಿ ಅಂಗೈಯಲ್ಲಿ ಇಟ್ಟು ತೂಗಿದ. ಊರಿನ ಪ್ರತಿ ಇಟ್ಟಿಗೆ ಚೂರಿಗೂ ಮೊದಲು ಮಾಡುವ ಕೆಲಸ ಅದು, ಈ ಒಂದಕ್ಕೆ ಮಾಡಿರಲಿಲ್ಲ ಎಂದು ಆಗ ನೆನಪಾಯಿತು.

“ಹಗುರ” ಎಂದ.

ಬಕೆಟ್ಟಿನ ಕಡೆ ಕೈ ಹೋಯಿತು. ಅರ್ಧದಲ್ಲೇ ನಿಂತಿತು. ಅದು ಕಲ್ಲೂ ಅಲ್ಲವಲ್ಲ.

ಇಂಥ ಗಳಿಗೆಗಾಗಿ ನಾನು ನಾಲ್ಕು ವರ್ಷ ಕಾದಿದ್ದೆ. ಬಂದಾಗ ಏನೂ ರುಚಿಸಲಿಲ್ಲ. ಹಾಗೆಂದು ಆತನ ಮೇಲಿನ ತಿರಸ್ಕಾರ ಕರಗಿಹೋಯಿತು ಎಂದರೆ ಸುಳ್ಳು ಬರೆದ ಹಾಗಾಗುತ್ತದೆ. ತನ್ನ ಕೆಲಸದ ತಪ್ಪನ್ನು ಜಗತ್ತಿನ ಅದ್ಭುತ ಎಂದು ಮೂರು ವಾರ ಹತ್ತಿಯಲ್ಲಿ ಮಲಗಿಸಿ, ಮಗುವಿನ ಕಣ್ಣೀರಿಗೆ ಯಾರದೋ ದವಡೆ ಕೊಟ್ಟು ಕೈ ತೊಳೆದುಕೊಂಡವನು ಆತ.

ಮೇಡಂ ಒಳ್ಳೆಯವರು, ನಗಲಿಲ್ಲ. ಆದರೆ ಕೆಲಸವೆಂದರೆ ಕೆಲಸ ಎನ್ನುವವರು. “ಸಾರ್, ನಿಮ್ಮ ಅರವತ್ತೊಂದೂ ನನಗೆ ಬೇಕು. ಒಂದೇ ತೊಂದರೆ. ಅಂಥ ಎರಕಗಳು ದಂಡೆಯಲ್ಲಿ ಬಿದ್ದಿದ್ರೆ ನಾಳೆ ಯಾರಾದ್ರೂ ಒಂದನ್ನ ತಂದು ನಿಜ ಅಂತಾರೆ, ಇನ್ನೊಬ್ರು ನಿಮ್ಮ ಸಂಗ್ರಹವೂ ಹಾಗೇ ಅಂತಾರೆ. ನಾನು ಒಬ್ಬಳೇ ಎಷ್ಟು ಜನಕ್ಕೆ ಉತ್ತರ ಕೊಡ್ಲಿ? ಎಷ್ಟು ಎಸೆದಿದ್ರಿ ಅನ್ನೋದು ಗೊತ್ತಿದ್ಯಾ?”

ಹಲ್ಲಜ್ಜ ಮೇಜಿನ ಖಾನೆಯಿಂದ ಹಳೆಯ ಕೆಲಸದ ಪುಸ್ತಕ ತೆಗೆದು ಪುಟ ತಿರುಗಿಸಿದ. ಎಲ್ಲವನ್ನೂ ಬರೆದಿಟ್ಟಿದ್ದ. ಹೊಯ್ದದ್ದು ನಲವತ್ತು, ಸರಿ ಬಂದದ್ದು ಹನ್ನೊಂದು.

“ಇಪ್ಪತ್ತೊಂಬತ್ತು. ಒಂದು ಇಲ್ಲಿದೆ.”

“ಮಿಕ್ಕವನ್ನ ಆದಷ್ಟೂ ಹೆಕ್ಕಿಸಿ, ಲೆಕ್ಕ ಬರೆದಿಡಿ. ಎರಡು ತಿಂಗಳು ಬಿಟ್ಟು ಬರ್ತೀನಿ. ಆಗ ಎಲ್ಲ ತಗೊಂಡು ಹೋಗ್ತೀನಿ, ರಸೀದಿ ಕೊಟ್ಟು.” ರಸೀದಿ ಎಂಬ ಮಾತನ್ನು ಒತ್ತಿ ಹೇಳಿದರು. ಹೊರಡುವಾಗ ಚೀಟಿ ವಾಪಸ್ ಕೊಡಲು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಬೆನ್ನಿನ ಮೇಲಿನ ಹೆಸರು ಓದಿ “ಇದು ಯಾರು?” ಎಂದರು.

“ನಾನು” ಎಂದಳು ಮಗಳು. “ನಾನು ಎತ್ಕೊಂಡು ಬಂದೋಳು. ಅಂಚೆಯವಳು.”

ನನ್ನ ಕಿವಿ ಬಿಸಿಯಾಯಿತು. ಮನೆಯಲ್ಲಿ ನಾವು ಆಡಿಕೊಂಡದ್ದನ್ನೆಲ್ಲ ಇವಳು ಕೇಳಿಸಿಕೊಂಡಿದ್ದಳು. ಹಲ್ಲಜ್ಜ ಚೀಟಿಯನ್ನು ತೆಗೆದುಕೊಂಡು ಓದಿ, ಅಂಗಿಯ ಜೇಬಿಗೆ ಹಾಕಿಕೊಂಡ.

ಆ ದಿನವೇ ಪಾತ್ರೆ ಕೊಡುವ ನೆಪದಲ್ಲಿ ಅತ್ತೆಯನ್ನು ಕೇಳಿದೆ, ಮೊದಲ ದಿನವೇ ಗೊತ್ತಿತ್ತಾ ಎಂದು. “ನೋಡಿದ ಕೂಡ್ಲೇ” ಎಂದರು. “ಹೇಳಬಹುದಿತ್ತಲ್ಲ ಅತ್ತೆ” ಎಂದೆ. ಅವರು ಪಾತ್ರೆಯನ್ನು ಒರೆಸಿದ್ದನ್ನೇ ಒರೆಸುತ್ತಾ, “ಮೂರು ವಾರ ಚಿಮಟ ಕೆಳಗಿಟ್ಟು, ಬಾಯಿ ಬಿಟ್ಟು ಚಹಾ ಕೇಳ್ತಿದ್ರು ಕಣೇ. ನಂಗೂ ಆಸೆ ಇರಲ್ವಾ?” ಎಂದರು.

ಮರುದಿನ ಭಾನುವಾರ. ಮೆಟ್ಟಿಲ ಮೇಲೆ ಬಕೆಟ್ಟು ಬೋರಲು ಬಿದ್ದಿತ್ತು. ಜನ ಬಂದರು, ಒದ್ದೆ ಜೇಬು ಮುಟ್ಟಿ ನೋಡಿಕೊಂಡು, ಮುಚ್ಚಿದ ಬಾಗಿಲು ನೋಡಿ ಹೊರಟುಹೋದರು. ಒಬ್ಬರಾದರೂ ಬಾಗಿಲು ತಟ್ಟಲಿಲ್ಲ. ಸೋಮವಾರ, ಮಂಗಳವಾರ ನಸುಕಿನಲ್ಲಿ ಆತ ಒಬ್ಬನೇ ಚೀಲ ಹಿಡಿದು ದಂಡೆಯ ಕಡೆ ಹೋಗುವುದನ್ನು ನಮ್ಮ ಕಿಟಕಿಯಿಂದ ಕಂಡೆ.

ಬುಧವಾರ ಸಂಜೆ ನಮ್ಮ ಬಾಗಿಲು ಸದ್ದಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಮೆಟ್ಟಿಲು ಹತ್ತಿ ಬಂದಿದ್ದ. ಏದುಸಿರು. ಕೈಯಲ್ಲಿ ಒದ್ದೆ ಚೀಲ. ನಾನು ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ. ಚೀಲವನ್ನು ನಮ್ಮ ಊಟದ ಮೇಜಿನ ಮೇಲೆ ಸುರಿದ. ಆರು ತ್ರಿಕೋನದ ತುಂಡುಗಳು. ಮಗಳು ಬರೆಯುತ್ತಿದ್ದ ಪುಸ್ತಕ ಬಿಟ್ಟು ಬಂದು, ಒಂದೊಂದನ್ನೇ ಬೆರಳಿನಿಂದ ಸವರಿ, ಮೂರನ್ನು ಈ ಕಡೆ ಮೂರನ್ನು ಆ ಕಡೆ ಇಟ್ಟಳು.

“ಇವು ಗುಳ್ಳೆದು. ಇವು ಹೆಂಚು ಅಜ್ಜ.”

ಆತ ಅಲ್ಲಗಳೆಯಲಿಲ್ಲ. ಅವಳ ಬೆರಳನ್ನೇ ನೋಡುತ್ತಾ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿದ. ಜೇಬಿನಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಮುಂಭಾಗದಲ್ಲಿದ್ದ ತನ್ನ ಹೆಸರಿನ ಮೇಲೆ ಗೆರೆ ಎಳೆದಿದ್ದ. ಬೆನ್ನಿನ ಪೆನ್ಸಿಲ್ ಅಕ್ಷರವನ್ನು ಶಾಯಿಯಲ್ಲಿ ತಿದ್ದಿದ್ದ, ಒಂದು ಒತ್ತಕ್ಷರ ತಪ್ಪಾಗಿ.

“ನಿಂಗೊಂದು ಮಾತು ಕೇಳಬೇಕಮ್ಮಾ. ಇಲ್ಲ ಅಂದ್ರೂ ಬೇಜಾರಿಲ್ಲ” ಎಂದ. “ಶಾಲೆಗೆ ಹೊತ್ತಾಗದ ಹಾಗೆ, ಬೆಳಿಗ್ಗೆ ಒಂದು ಅರ್ಧ ಗಂಟೆ ಇವಳನ್ನ ನನ್ನ ಜೊತೆ ದಂಡೆಗೆ ಕಳಿಸ್ತೀಯಾ? ನಾನೊಬ್ಬನೇ ಹೋದ್ರೆ ಎಲ್ಲಾನೂ ನಿಜದ ಹಲ್ಲೇ ಅನ್ಸುತ್ತೆ.”